ಕವಿ ಅರ್ಕಾದಿಯ ಕೊನೆಯ ಸಾಲು

ಕೋವಿಡ್ ಮುಗಿದ ಎರಡನೇ ವರ್ಷ. ನಾನು ಮಲೇಷ್ಯಾದ ಸೈಬರ್‌ಜಯಾದ ಕಾಲ್ ಸೆಂಟರೊಂದರಲ್ಲಿ ರಷ್ಯನ್ ಗ್ರಾಹಕರಿಂದ ಬೈಸಿಕೊಳ್ಳುವ ಹುದ್ದೆಯಲ್ಲಿದ್ದೆ. ಎಂಬಿಬಿಎಸ್ ಓದಲು ರಷ್ಯಾಕ್ಕೆ ಹೋಗಿ, ಅನಾಟಮಿಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು, ಭಾಷೆಯೊಂದನ್ನು ಮಾತ್ರ ಕಲಿತು ಬಂದ ಆಸಾಮಿ. ಜೊತೆಗೆ ಮಿಮಿಕ್ರಿಯ ಚಟ. ಮ್ಯಾನೇಜರ್ ಕೆಮ್ಮಿದರೂ ಅಣಕಿಸದೆ ಬಿಡುತ್ತಿರಲಿಲ್ಲ.

ಮೈಸೂರಿನ ನಂದಿನಿ ಮೇಡಂ ಬ್ರಿಕ್‌ಫೀಲ್ಡ್ಸ್‌ನಲ್ಲಿ ಸಣ್ಣ ಪ್ರಕಾಶನ ನಡೆಸುತ್ತಿದ್ದರು. ಇಂಗ್ಲಿಷಿನಲ್ಲಿ ಪದ್ಯವನ್ನೂ ಬರೆಯುತ್ತಿದ್ದರು. ಒಂದು ದಿನ ನನ್ನನ್ನು ಹಿಡಿದರು. "ಪುಚೊಂಗ್‌ನಲ್ಲಿ ಒಬ್ರು ರಷ್ಯನ್ ಕವಿ ಇದಾರೆ ಕಣೋ. ನೀನು ಪದಕ್ಕೆ ಪದ ಇಟ್ಟು ಕೊಡು ಸಾಕು, ಪದ್ಯ ನಾನು ಮಾಡ್ಕೋತೀನಿ." ರಷ್ಯನ್ನರು ಇದಕ್ಕೆ 'ಪೊದ್‌ಸ್ತ್ರೋಚ್ನಿಕ್' ಎನ್ನುತ್ತಾರೆ. ಪ್ರತಿ ಸಾಲಿನ ಒಣ ಅರ್ಥ ಬರೆದುಕೊಟ್ಟರೆ, ಮೂಲ ಭಾಷೆ ಬಾರದ ಕವಿ ಅದರ ಮೇಲೆ ತನ್ನ ಪದ್ಯ ಕಟ್ಟುತ್ತಾನೆ.

ದೇಶ ಬಿಟ್ಟು ಬಂದಿದ್ದ ಅರ್ಕಾದಿ ಲ್ವೋವಿಚ್‌ಗೆ ಎಪ್ಪತ್ತು ದಾಟಿತ್ತು. ಬದುಕಿಡೀ ಅವರು ಮಾಡಿದ್ದೂ ಹಾಗೆ ಪದ್ಯ ಕಟ್ಟುವ ಕೆಲಸವೇ. ರಷ್ಯನ್ ಬಿಟ್ಟು ಒಂದು ಭಾಷೆಯೂ ಬಾರದೆ ಹತ್ತಾರು ಭಾಷೆಗಳಿಂದ ಅನುವಾದಿಸಿದ್ದರು. "ಸೈಬೀರಿಯಾದ ಕವಿಯೊಬ್ಬ ಅಣ್ಣನನ್ನು ಪೊಲೀಸರು ಒಯ್ದರು ಅಂತ ಬರೆದಿದ್ದ. ಅಣ್ಣ ನಗರ ಕಟ್ಟಲು ಹೋದ ಅಂತ ಮಾಡಿದೆ. ಅವನು ಬಂದು ಅತ್ತ. ನನಗೆ ಪ್ರಶಸ್ತಿ ಬಂತು." ಮುಖದಲ್ಲಿ ಪಶ್ಚಾತ್ತಾಪ ಹುಡುಕಿದೆ. ಚಹಾಕ್ಕೆ ಸಕ್ಕರೆ ಸಾಲದ ಬೇಸರ ಬಿಟ್ಟು ಏನೂ ಕಾಣಲಿಲ್ಲ.

ಅವರ ಸ್ವಂತ ಸಂಕಲನದ ಕೊನೆಯ ಪದ್ಯ ಪುಟ್ಟ ಮಗಳ ಸಾವಿನದು. ಹೆಪ್ಪುಗಟ್ಟಿದ ನದಿ, ಒಡೆದ ಮಂಜುಗಡ್ಡೆ. ಕೊನೆಯ ಸಾಲನ್ನು ಇದ್ದ ಹಾಗೇ ಇಳಿಸಿದೆ: 'ನನ್ನ ಕೆಳಗೂ ಬಿರಿಯಿತು, ನಾನು ನಿನ್ನ ಕೈ ಬಿಟ್ಟೆ.' ಮೇಡಂ ಮಾಡಿದ ಪದ್ಯದಲ್ಲಿ ಅಪ್ಪ ಕೈ ಬಿಟ್ಟಿರಲೇ ಇಲ್ಲ; ಇಂದಿಗೂ ಹಿಡಿದುಕೊಂಡೇ ಇದ್ದ.

"ಮೇಡಂ, ಇದು ಉಲ್ಟಾ ಆಯ್ತಲ್ಲ!"

"ಅಪ್ಪಾನೇ ಮಗಳ ಕೈ ಬಿಟ್ಟ ಅಂದ್ರೆ ಯಾರೋ ಓದ್ತಾರೆ? ಸ್ವಲ್ಪ ಹೋಪ್ ಬೇಕು ಲಾ."

ಇದನ್ನು ಕವಿಗೆ ರಷ್ಯನ್ನಿನಲ್ಲಿ ಒಪ್ಪಿಸಿದೆ, ಮೇಡಂ ದನಿಯಲ್ಲೇ, ಮಲೇಷ್ಯಾದವರ 'ಲಾ' ಬಾಲ ಸಮೇತ. ಅವರು ನಗಲಿಲ್ಲ. "ಉಳಿದದ್ದನ್ನು ಏನು ಬೇಕಾದರೂ ಮಾಡಲಿ. ಆ ಸಾಲು ಇರಲಿ. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ, ಮಗುವಿನ ತಾಯಿಗೂ."

ಮೇಡಂ ಉತ್ತರ ಚುಟುಕಾಗಿತ್ತು: "ಹಾಗಾದ್ರೆ ಬುಕ್ಕೇ ಬೇಡ ಬಿಡು."

ದೇಶ ಬಿಟ್ಟ ಕವಿಯ ಪುಸ್ತಕಗಳು ರಷ್ಯಾದ ಅಂಗಡಿಗಳಿಂದ ಆಗಲೇ ಮಾಯವಾಗಿದ್ದವು. ಇದಾದರೂ ಉಳಿಯಲೆಂದು ಒಪ್ಪಿ ಸಹಿ ಹಾಕಿದರು.

ಬಿಡುಗಡೆಯ ದಿನ ಇಂಗ್ಲಿಷ್ ಪದ್ಯ ಓದಿದವನು ನಾನು, ಅದೂ ಕವಿಯ ಒಡಕು ದನಿಯಲ್ಲಿ. ಭರ್ಜರಿ ಚಪ್ಪಾಳೆ. ಆಮೇಲೆ ತಮಿಳು ಹೆಂಗಸೊಬ್ಬರು ಪುಸ್ತಕ ಹಿಡಿದು ಕವಿಯ ಮುಂದೆ ನಿಂತರು. ಪ್ರವಾಹದಲ್ಲಿ ಅವರ ಮಗ ಕೈಯಿಂದ ಜಾರಿ ಹೋಗಿದ್ದನಂತೆ. "ನೀವು ಬಿಡಲಿಲ್ಲ ಸರ್. ನಾನು ಬಿಟ್ಟೆ. ನಾನೆಂಥ ತಾಯಿ?"

ನಾನು ರಷ್ಯನ್ನಿಗೆ ತಿರುಗಿಸುತ್ತಿದ್ದಂತೆ ಕವಿ ನನ್ನ ರಟ್ಟೆ ಹಿಡಿದರು. "ಹೇಳು ಅವಳಿಗೆ. ನಾನೂ ಬಿಟ್ಟೆ. ಒಂದಕ್ಷರ ಬದಲಿಸದೆ ಹೇಳು."

ಪಕ್ಕದಲ್ಲೇ ಮೇಡಂ ಕಣ್ಣು ಕೆಕ್ಕರಿಸುತ್ತಿದ್ದರು. ಆದರೂ ಹೇಳಿದೆ, ನನ್ನದೇ ದನಿಯಲ್ಲಿ.

ಆಕೆ ಕಣ್ಣೊರೆಸಿಕೊಂಡು ಕವಿಗೆ ಕೈ ಮುಗಿದರು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದಾರೆ. ಎಂಥ ದೊಡ್ಡ ಮನಸ್ಸು!" ಎಂದು, ಅಚ್ಚಾದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಏನಂದಳು?" ಕವಿ ಕೇಳಿದರು.

"ನಂಬಲಿಲ್ಲ" ಎಂದೆ.

ಆಕೆ ಹಸ್ತಾಕ್ಷರಕ್ಕೆಂದು ಅದೇ ಪುಟ ಒಡ್ಡಿದರು. ಕವಿ ಪೆನ್ನು ತೆಗೆದು, ಆ ಸಾಲಿನ ಕೆಳಗೆ ತಮ್ಮ ಹೆಸರು ಬರೆದುಕೊಟ್ಟರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಅಚ್ಚಾದ ಸುಳ್ಳಿನ ಎದುರು ಬಾಯಲ್ಲಿ ಹೇಳಿದ ನಿಜ ಬರೀ ಸೌಜನ್ಯವಾಗಿ ಕೇಳಿಸುತ್ತದೆ. ಜಗಳ ಆಡುವುದಿದ್ದರೆ ಅಚ್ಚಿಗೆ ಮೊದಲೇ ಆಡಬೇಕು.