ಭರಣಿಯ ಮೇಲಿನ ಕಾಕಂಬಿ

ಅವ್ವನ ಉಪ್ಪಿನಕಾಯಿ ಭರಣಿಯ ಮೇಲೆ ಒಂದು ಹನಿ ಇದೆ. ಭರಣಿಯ ಕೆಳಗೆಲ್ಲ ಕೆನೆಬಣ್ಣ, ಕತ್ತಿನ ಸುತ್ತ ಕಂದು. ಆವಿಗೆಯಲ್ಲಿ ಭರಣಿ ಸುಡುವಾಗ ಆ ಕಂದು ಒಂದು ಕಡೆ ಕರಗಿ, ಇಳಿದು, ಅಲ್ಲೇ ಗಟ್ಟಿಯಾಗಿ ನಿಂತಿದೆ. ಥೇಟ್ ಕಾಕಂಬಿ; ಗಾಣದಿಂದ ತಂದ ನೀರುಬೆಲ್ಲ ಬಾಯಿ ತುಂಬಿ ಸೋರಿದ ಹಾಗೆ.

ಸಣ್ಣವನಿದ್ದಾಗ ಅದು ನಿಜವಾದ ಕಾಕಂಬಿಯೆಂದೇ ನಾನು ನೆಕ್ಕಿದ್ದೆ. ನಾಲಿಗೆಗೆ ತಾಗಿದ ಆ ತಣ್ಣನೆಯ ನುಣುಪು ಇವತ್ತಿಗೂ ನೆನಪಿದೆ. ಇದೆ ಎಂದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಅವ್ವ, ಇನ್ನು ಮಾವಿನಕಾಯಿ ಹೆಚ್ಚುವುದು ತನ್ನಿಂದಾಗದು, ಭರಣಿ ಬೇಕಾದವರು ಒಯ್ಯಿರಿ ಎಂದಳು. ಅಥಣಿಯಿಂದ ಅಕ್ಕ ಚಿಕ್ಕೋಡಿಯ ನಮ್ಮ ಮನೆಗೆ ಬಂದಿಳಿದದ್ದೇ ಅದಕ್ಕೆ. ಉಪ್ಪಿನಕಾಯಿ ಹಾಕಲು ಬಾರದ ನನಗೂ ಅದೇ ಬೇಕಿತ್ತು.

“ಅದನ್ನ ನೆಕ್ಕಿದಾವ ನಾನು. ನನಗs ಸೇರಬೇಕು,” ಎಂದೆ.

“ನೀ ಎಲ್ಲಿ ನೆಕ್ಕೀದಿ ಲೇ? ನೆಕ್ಕಿದಾಕಿ ನಾನು,” ಎಂದಳು ಅಕ್ಕ. “ತಣ್ಣಗ ಇತ್ತು. ನುಣ್ಣಗ ಇತ್ತು.”

ನನ್ನ ನೆನಪಿನ ಮಾತುಗಳು ಅವಳ ಬಾಯಲ್ಲಿ! ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದ ನನಗೆ ಸೋಲುವಾಗ ಪಾಠ ಹೇಳುವ ಚಟ. ಅದು ಗ್ಲೇಜ್, ಅಂದರೆ ಮಣ್ಣಿನ ಮೇಲೆ ಕೂತ ತೆಳು ಗಾಜು, ಅದಿರುವುದರಿಂದಲೇ ಉಪ್ಪು, ಹುಳಿ, ಎಣ್ಣೆ ಯಾವುದೂ ಭರಣಿಯ ಮಣ್ಣಿನೊಳಗೆ ಇಂಗುವುದಿಲ್ಲ, ಅದಕ್ಕೆ ರುಚಿಯೇ ಇಲ್ಲ ಎಂದೆಲ್ಲ ಶುರು ಮಾಡಿದೆ.

“ಗಾಜ ಅಲ್ಲೋ, ಪಾಕ,” ಎಂದಳು ಅವ್ವ. “ಬಾಲೂಶಾ ಮಿಠಾಯಿಗೆ ನಾವು ಸಕ್ರಿ ಪಾಕ ಹಿಡಸೂದಿಲ್ಲಾ? ಭರಣಿ ಮಾಡಾವ್ರೂ ಹಂಗs ಹಿಡಸ್ತಾರ. ತೆಳ್ಳಗಾತಂದ್ರ ಹಿಂಗ ಇಳೀತೈತಿ.” ಆಮೇಲೆ ನಮ್ಮಿಬ್ಬರನ್ನೂ ನೋಡಿ ನಕ್ಕಳು. “ಮತ್ತ ಅದನ್ನ ನೆಕ್ಕಿದವ್ರು ನಿಮ್ಮಪ್ಪ.”

ಪಲ್ಯಕ್ಕೆ ಉಪ್ಪಿಲ್ಲದಿದ್ದರೂ ತುಟಿ ಬಿಚ್ಚದೆ ಉಂಡು ಏಳುತ್ತಿದ್ದ, ಈಗಿಲ್ಲದ ನಮ್ಮ ಅಪ್ಪ!

ಭರಣಿ ಸದಲಗಾದ ತವರಿನಿಂದ ಅವ್ವನ ಜೊತೆ ಬಂದದ್ದಂತೆ. ಹೊಸ ಮದುವೆ. ಮಾವನ ಮನೆಯವರು ಕಾಕಂಬಿ ಕಳಿಸಿದ್ದಾರೆಂದು ತಿಳಿದ ಅಪ್ಪ, ಅಡುಗೆಮನೆಯಲ್ಲಿ ಯಾರೂ ಇಲ್ಲವೆಂದು ನಾಲಿಗೆ ಚಾಚಿದ್ದನಂತೆ. ಬಾಗಿಲ ಹಿಂದೆ ಅವ್ವ ಇದ್ದಳು. ನಾವು ಉಣ್ಣಲು ಹಟ ಮಾಡಿದಾಗೆಲ್ಲ ಈ ಕತೆ ಹೇಳಿಯೇ ತುತ್ತು ಇಡುತ್ತಿದ್ದಳಂತೆ. ತುತ್ತಿನ ಜೊತೆ ನಾವು ಅಪ್ಪನ ನಾಲಿಗೆಯನ್ನೂ ನುಂಗಿದ್ದೆವು.

ನನ್ನ ಸಂಶಯ ಸುಮ್ಮನಿರಲಿಲ್ಲ. “ನಿನಗ ಖಾತ್ರಿ ಐತೇನವಾ? ನಿನ್ನ ನೆನಪೂ…”

“ನನ್ನs ಕೇಳ್ತೀಯೇನ? ನಾ ನಕ್ಕೆ ಅಂತ ಎಷ್ಟ ದಿನ ಮಾತ ಬಿಟ್ಟಿದ್ರು ಅವ್ರು!” ಅವ್ವ ಸೆರಗಿನಿಂದ ಆ ಹನಿಯನ್ನು ಮೆಲ್ಲಗೆ ಒರೆಸಿದಳು. ಒರೆಸುತ್ತಲೇ ಮನಸ್ಸು ಬದಲಿಸಿದಳು. “ಬ್ಯಾಡ ಬಿಡ್ರಿ. ಯಾರೂ ಒಯ್ಯೂದು ಬ್ಯಾಡ. ನನ್ನ ಕಡೇನ ಇರ್ಲಿ.”

ಅಕ್ಕ ಭರಣಿಯನ್ನು ಎತ್ತಿ ಮತ್ತೆ ಅಡುಗೆಮನೆಯ ಮೂಲೆಗೆ ಇಟ್ಟಳು.

ಸಂಜೆ ಅವ್ವ ಬಸದಿಗೆ ಹೋದಾಗ ನಾನು ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆ ಒಮ್ಮೆ ನೋಡಿ, ಬಗ್ಗಿ ನಾಲಿಗೆ ತಾಗಿಸಿದೆ. ತಣ್ಣಗಿತ್ತು. ನುಣ್ಣಗೂ ಇತ್ತು.

“ಏನಾತು?” ಬೆನ್ನ ಹಿಂದೆ ಅಕ್ಕ.

“ಏನಿಲ್ಲ. ಸಪ್ಪಗ ಐತಿ.”

“ಎಲ್ಲಿ ಸಪ್ಪಗ? ಉಪ್ಪುಪ್ಪ ಐತಿ,” ಎಂದಳು. “ಸರ್ಯಾಗಿ ನೋಡ ಇನ್ನೊಮ್ಮೆ.”