‘ಬಟ್’ ಮರೆತ ಫೋನು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಗೈಡ್ ಮೇಷ್ಟ್ರ ದನಿಯಲ್ಲಿ ನನ್ನ ರೂಮ್‌ಮೇಟಿಗೆ ಫೋನ್ ಮಾಡಿ, ಅವನ ಎಂಎ ಪ್ರಬಂಧಕ್ಕೆ ಒಪ್ಪಿಗೆ ಕೊಟ್ಟವನು ನಾನು.

ಇಬ್ಬರೂ ತುಮಕೂರಿನಲ್ಲಿ ಇಂಗ್ಲಿಷ್ ಎಂಎ ಕಡೆಯ ಸೆಮಿಸ್ಟರಿನಲ್ಲಿದ್ದೆವು. ಉಪ್ಪಾರಹಳ್ಳಿಯಲ್ಲಿ ಒಂದೇ ರೂಮು. ನಾನು ಕುಣಿಗಲ್‌ನವನು, ಅವನು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯವನು. ನಮ್ಮ ವಿಶೇಷ ವಿಷಯ ರೆಟರಿಕ್, ಅಂದರೆ ಎದುರಿನವರನ್ನು ಮಾತಿನಿಂದಲೇ ಒಪ್ಪಿಸುವ ವಿದ್ಯೆ. ಅವನ ಪ್ರಬಂಧ ಗುಬ್ಬಿ ಸಂತೆಯ ತರಕಾರಿಯವರ ಮಾತುಗಾರಿಕೆಯ ಮೇಲೆ. ನಾಲ್ಕು ತಿಂಗಳು ಸಂತೆ ಸುತ್ತಿ ಒಬ್ಬ ಅಜ್ಜಿಯ ಮಾತನ್ನೆಲ್ಲ ಬರೆದುಕೊಂಡು ಬಂದ. ಜೊತೆಗೆ ಪ್ರತಿ ವಾರ ಎರಡು ಕೆಜಿ ಬದನೆಕಾಯಿಯನ್ನೂ ತಂದ. ಅಜ್ಜಿಯ ರೆಟರಿಕ್ ಅಷ್ಟು ಗಟ್ಟಿ.

ಪ್ರಬಂಧ ಸಲ್ಲಿಸಲು ಶನಿವಾರವೇ ಕೊನೆ. ತಪ್ಪಿದರೆ ಮುಂದಿನ ಬ್ಯಾಚಿನವರ ಜೊತೆ, ಅಂದರೆ ಒಂದು ವರ್ಷ ಹೋದಂತೆ. ಅವನ ಕಡೆಯ ಅಧ್ಯಾಯ, ಮೂರನೆಯದು, ಒಪ್ಪಿಗೆಗೆ ಕಾಯುತ್ತ ಮೇಷ್ಟ್ರ ಟೇಬಲ್ಲಿನ ಮೇಲೆ ಎರಡು ವಾರದಿಂದ ಮಲಗಿತ್ತು. ನನ್ನದು ಹೇಗೋ ಮುಗಿದಿತ್ತು. ಕೈಗೆ ಕೆಲಸವಿಲ್ಲದಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಮೇಷ್ಟ್ರನ್ನು ಅನುಕರಿಸುವುದು ಸುಲಭ. ಹೊತ್ತು ಯಾವುದೇ ಇರಲಿ, ಮೊದಲು ‘ಊಟ ಆಯ್ತೇನಪ್ಪಾ?’ ಅನ್ನಬೇಕು. ಆಮೇಲೆ ‘ಫೈನ್’. ಆಮೇಲೆ ಕನ್ನಡಕ ತೆಗೆದು ಒರೆಸುವಷ್ಟು ಮೌನ. ಆಮೇಲೆ ‘ಬಟ್’. ಅವರ ಬಾಯಲ್ಲಿ ‘ಬಟ್’ ಇಲ್ಲದ ‘ಫೈನ್’ ಅನ್ನು ಡಿಪಾರ್ಟ್‌ಮೆಂಟಿನಲ್ಲಿ ಯಾರೂ ಕೇಳಿಲ್ಲ. ಕ್ಯಾಂಟೀನಿನ ಕಾಫಿಯೂ ಅವರಿಗೆ ‘ಫೈನ್. ಬಟ್ ಬಿಸಿ ಇಲ್ಲ’.

ಮಂಗಳವಾರ ಸಂಜೆ ಐದಕ್ಕೆ ಹೊಸ ಸಿಮ್ಮಿನಿಂದ ಅವನಿಗೆ ಫೋನ್ ಮಾಡಿದೆ. “ಊಟ ಆಯ್ತೇನಪ್ಪಾ? ಇದು ನಮ್ಮನೆಯವ್ರ ನಂಬರು. ನಿನ್ ಚಾಪ್ಟರ್ ಫೈನ್ ಕಣಪ್ಪಾ.”

ಅತ್ತ ಕಡೆಯಿಂದ “ಥ್ಯಾಂಕ್ಸ್ ಸಾರ್, ಥ್ಯಾಂಕ್ಸ್ ಸಾರ್” ಎಂಬ ದನಿ ಕೇಳಿ ನನಗೆ ನಗು ಉಕ್ಕಿತು. ‘ಬಟ್’ಗೆ ಹೋಗುವ ಮೊದಲೇ ಇಟ್ಟುಬಿಟ್ಟೆ. ಐದು ನಿಮಿಷ ಬಿಟ್ಟು ನಿಜ ಹೇಳೋಣವೆಂದು ಮತ್ತೆ ಮಾಡಿದರೆ ಬ್ಯುಸಿ. ಹಾಗಲವಾಡಿಗೆ ಸುದ್ದಿ ಹೋಗುತ್ತಿತ್ತು. ರೂಮಿಗೆ ಬಂದವನು ಅವರಮ್ಮ ಕಳಿಸಿದ್ದ ಕೊಬ್ಬರಿ ಮಿಠಾಯಿಯ ಡಬ್ಬ ತೆಗೆದು, “ತಿನ್ಲಾ, ಗೆದ್ದೆ!” ಎಂದ. ತಿಂದೆ. ಬಾಯಲ್ಲಿ ಮಿಠಾಯಿ ಇಟ್ಟುಕೊಂಡು ನಿಜ ಹೇಳುವ ವಿದ್ಯೆ ಯಾವ ಪೇಪರಿನಲ್ಲೂ ಇರಲಿಲ್ಲ. ಬೆಳಿಗ್ಗೆ ಹೇಳೋಣವೆಂದು ಮಲಗಿದೆ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನು ಮರಳೂರಿನ ಬೈಂಡಿಂಗ್ ಅಂಗಡಿಯಲ್ಲಿದ್ದ. ದುಡ್ಡು ಕಟ್ಟಿ ಬಂದವನಿಗೆ ಅವತ್ತು ರಾತ್ರಿಯೂ ಹೇಳುವ ಧೈರ್ಯ ಬರಲಿಲ್ಲ.

ಗುರುವಾರ ಫೋನ್ ಮಾಡಿದ. “ಲೋ, ಡಿಪಾರ್ಟ್‌ಮೆಂಟಿಗೆ ಬಾರ್ಲಾ. ಮೇಷ್ಟ್ರು ಸೈನ್ ಹಾಕೋವಾಗ ಒಂದು ಫೋಟೋ ತೆಗಿ.”

ಹೋದೆ. ಮೇಷ್ಟ್ರ ಟೇಬಲ್ಲಿನ ಮೇಲೆ ಮೂರು ದಪ್ಪ ಪ್ರತಿಗಳು, ರಟ್ಟಿನ ಮೇಲೆ ಚಿನ್ನದ ಅಕ್ಷರ. ಮೇಷ್ಟ್ರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಯಾರಪ್ಪಾ ಒಪ್ಪಿಗೆ ಕೊಟ್ಟಿದ್ದು?”

“ನೀವೇ ಸಾರ್. ಮಂಗಳವಾರ, ಮೇಡಂ ಫೋನಿಂದ.”

“ನಾನು ಏನಂದೆ?”

“ಫೈನ್ ಅಂದ್ರಿ ಸಾರ್.”

“ಆಮೇಲೆ?”

“ಆಮೇಲೆ... ಇಟ್ಬುಟ್ರಿ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಬಟ್ ಅನ್ಲಿಲ್ವಾ?”

“ಇಲ್ಲ ಸಾರ್.”

“ಹಂಗಾದ್ರೆ ಅದು ನಾನಲ್ಲ ಕಣಪ್ಪಾ.”

ಗೆಳೆಯ ನಿಧಾನಕ್ಕೆ ನನ್ನ ಕಡೆ ತಿರುಗಿದ. ಫೋಟೋಗೆ ಎತ್ತಿದ ಮೊಬೈಲಿನ ಹಿಂದೆ ಅಡಗುವಷ್ಟು ಸಣ್ಣ ಮುಖ ನನ್ನದಲ್ಲ. “ನೀನೇನ್ಲಾ?” ಎಂದ. ಬೈಯಲಿಲ್ಲ. ಪ್ರತಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಬೈದಿದ್ದರೆ ಚೆನ್ನಾಗಿತ್ತು.

“ತಮಾಷೆಗೆ ಮಾಡ್ದೆ ಸಾರ್. ಅವ್ನದೇನೂ ತಪ್ಪಿಲ್ಲ. ನೀವು ಓದ್ಲಿಲ್ಲ ಅಂದ್ರೆ ಅವ್ನ ವರ್ಷ ಹೋಗ್ತದೆ,” ಎಂದೆ. ಎರಡು ವರ್ಷ ಓದಿದ ರೆಟರಿಕ್ಕಿನಲ್ಲಿ ಒಂದು ಪಟ್ಟೂ ನೆನಪಾಗಲಿಲ್ಲ.

“ಇದ್ಯಾರ ದನಿಯಪ್ಪಾ?” ಎಂದರು ಮೇಷ್ಟ್ರು.

“ನಂದೇ ಸಾರ್.”

ಅವರು ಕೆಂಪು ಪೆನ್ನು ತೆಗೆದು ಮೂರನೇ ಅಧ್ಯಾಯ ಬಿಡಿಸಿದರು. ನಾವಿಬ್ಬರೂ ನಿಂತೇ ಇದ್ದೆವು. ಒಂದು ಗಂಟೆ. ಹೊಸ ಪುಟಗಳೆಲ್ಲ ಕೆಂಪಾದವು. ಅಜ್ಜಿಯ ಬದನೆಕಾಯಿ ಮಾತುಗಳು ಮಾತ್ರ ಹಾಗೇ ಉಳಿದವು.

“ಶನಿವಾರದೊಳಗೆ ಆಯ್ತದಾ ಸಾರ್?” ಎಂದ ಗೆಳೆಯ, ಸಣ್ಣ ದನಿಯಲ್ಲಿ.

ಮೇಷ್ಟ್ರು ಕೆಂಪು ಪೆನ್ನು ಮುಚ್ಚಿಟ್ಟರು. ನನ್ನ ಕಡೆ ನೋಡಿದರು.

“ನಿನ್ ಮಿಮಿಕ್ರಿ ಫೈನ್ ಕಣಪ್ಪಾ.” ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. “ಬಟ್, ಒಪ್ಪಿಗೆ ಕೊಟ್ಟ ಬಾಯಿ ನಿಂದು, ತಿದ್ದಿ ಟೈಪ್ ಮಾಡೋ ಕೈಯೂ ನಿಂದೇ ಆಗ್ಲಿ. ಶನಿವಾರ ಬೆಳಿಗ್ಗೆ ಮೂರು ಪ್ರತಿ ತಂದಿಡು. ಸೈನ್ ಮಾತ್ರ ನಾನೇ ಹಾಕ್ತೀನಿ.”