ಗಾಜಿನ ಆಚೆ ನಿಂತವರು

ಉರ್ವದ ಆ ಫ್ಲಾಟಿಗೆ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಯಾವ ಕೆಲಸ ಹೇಳಿದರೂ ಮೊದಲು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಕಟ್ಟುತ್ತಿದ್ದರು. ಆಮೇಲೆ ಒಂದೇ ಮಾತು: "ಆಗ್ತದೆ ಅಕ್ಕ." ಜ್ವರವಿದ್ದರೂ ಅದೇ ಮಾತು. ಕೆಲಸದವರು ಲಿಫ್ಟ್ ಹತ್ತಬಾರದೆಂದು ಮನೆಯೊಡತಿ ಹೇಳಿದ ದಿನವೂ ಅದೇ ಮಾತು.

ಆ ಭಾನುವಾರ ಅಲ್ಲಿ ನಮ್ಮ ಓದುಬಳಗ ಸೇರಿತ್ತು. ಚರ್ಚೆಗೆ ಒಂದು ಹಳೆಯ ಐತಿಹಾಸಿಕ ಕಾದಂಬರಿ. ಕೋಟೆ ಕಟ್ಟುವ ಆಳುಗಳು ಬಿದ್ದು ಸಾಯುವಾಗ ರಾಣಿ ಪಲ್ಲಕ್ಕಿಯ ಪರದೆ ಎಳೆದುಕೊಳ್ಳುವ ಅಧ್ಯಾಯವನ್ನು ಮನೆಯೊಡತಿ ಗದ್ಗದಿಸುತ್ತ ಓದುತ್ತಿದ್ದರು. ಅವರ ಬೆನ್ನ ಹಿಂದೆ, ನಾಲ್ಕನೇ ಮಹಡಿಯ ಕಿಟಕಿಯ ಹೊರಗೆ, ಕಿರಿದಾದ ಸಿಮೆಂಟ್ ಅಂಚಿನ ಮೇಲೆ ಮನೆಗೆಲಸದ ಈಕೆ ಬರಿಗಾಲಲ್ಲಿ ನಿಂತು ಗಾಜು ಒರೆಸುತ್ತಿದ್ದರು.

ಸಾಬೂನು ನೀರಿಗೆ ಕಾಲು ಜಾರಿತು. ತೆರೆದ ಕಿಟಕಿಯಿಂದ ಬಾಗಿ ಅವರ ಮಣಿಕಟ್ಟು ಹಿಡಿದೆ. ಅದೂ ಜಾರುತ್ತಿತ್ತು. ಕೆಳಗೆ ನಿಲ್ಲಿಸಿದ್ದ ಸ್ಕೂಟರುಗಳು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತವೆ. ಇನ್ನಿಬ್ಬರು ಓಡಿಬಂದ ಮೇಲೆ ಒಳಗೆಳೆದೆವು.

ಮನೆಯೊಡತಿ ನೀರು ಕೊಟ್ಟರು, ನಿಜ. ಆಮೇಲೆ, "ಎಂತ ಮಾರಾಯ್ತಿ, ಸ್ವಲ್ಪ ನೋಡಿ ನಿಲ್ಲಬಾರದಾ? ಸುಧಾರಿಸಿಕೊ. ಕಿಟಕಿಯ ಇನ್ನೊಂದು ಗ್ಲಾಸ್ ಒರೆಸ್ಲಿಕ್ಕೆ ಬಾಕಿ ಉಂಟು" ಎಂದರು.

"ಈಗ ಸಾಯ್ತಿದ್ದರು ಇವರು," ಎಂದೆ.

"ಎಂತದೂ ಆಗ್ಲಿಲ್ಲ ಅಲ್ವಾ? ಆ ಗ್ಲಾಸ್ ಒಂದು ಒರೆಸಿ ಹೋಗ್ಲಿ."

ನೆಲದಲ್ಲಿ ಕುಳಿತಿದ್ದ ಆಕೆ ತಲೆಯೆತ್ತಿದರು. "ಆಗುದಿಲ್ಲ ಅಕ್ಕ."

"ಹಾಗಾದ್ರೆ ನಾಳೆಯಿಂದ ನೀನು ಬರುದು ಬೇಡ."

ಅವರು ಸೊಂಟದ ಶಾಲು ಬಿಚ್ಚಿ, ಕೊಡವಿ, ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿ ಲಿಫ್ಟಿನ ಗುಂಡಿ ಒತ್ತಿದರು.

ಮನೆಯೊಡತಿ ಒರೆಸದೆ ಉಳಿದ ಗಾಜಿಗೆ ಪರದೆ ಎಳೆದು, ಪುಸ್ತಕ ಎತ್ತಿಕೊಂಡು ಕೇಳಿದರು: "ಎಲ್ಲಿದ್ದೆವು ನಾವು?"